ಮಹಿಳಾ ವಿಜ್ಞಾನಿಗಳಿಗೆ ಜೈ, ಎಂಟಕ್ಕೆ ಗೇಟ್ ಬಂದ್

ಆ ಆಮಂತ್ರಣ ಪತ್ರಿಕೆ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಫೆಬ್ರುವರಿ 11, ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ಅಂತರರಾಷ್ಟ್ರೀಯ ದಿನ. ಉದ್ಘಾಟಕರು ಶ್ರೀ, ಅಧ್ಯಕ್ಷರು ಶ್ರೀ, ಮುಖ್ಯ ಅತಿಥಿಗಳು ಶ್ರೀ, ಗೌರವ ಉಪಸ್ಥಿತಿ ಶ್ರೀ, ಶ್ರೀ ಮತ್ತು ಶ್ರೀ. ಹೆಣ್ಣುಮಕ್ಕಳೇ ಇಲ್ಲವೆಂದು ದೂರಬೇಡಿ. ಪ್ರಾರ್ಥನೆಗೆ ಇದ್ದಾರೆ, ನಿರೂಪಣೆಗೆ ಇದ್ದಾರೆ, ವಂದನಾರ್ಪಣೆಗಂತೂ ಇದ್ದೇ ಇದ್ದಾರೆ. ಬಾಗಿಲಲ್ಲಿ ಗುಲಾಬಿ ಹಂಚಿ ಪನ್ನೀರು ಚಿಮುಕಿಸಲು ಸಂಶೋಧನಾ ವಿದ್ಯಾರ್ಥಿನಿಯರು ಸಾಲಾಗಿ ನಿಂತಿದ್ದಾರೆ, ಕಡ್ಡಾಯ ಇಳಕಲ್ ಸೀರೆಯಲ್ಲಿ. ಅವರ ಪಿಸಿಆರ್ ಯಂತ್ರಕ್ಕೆ ಅಂದು ರಜೆ.

ಹಿನ್ನೆಲೆಗೆ ಅದೇ ಹಳೆಯ ಫೋಟೊ. 2014ರ ಸೆಪ್ಟೆಂಬರ್ 24, ಮಂಗಳಯಾನ ಕಕ್ಷೆ ಸೇರಿದ ದಿನ, ಸೀರೆಯುಟ್ಟು ಹೂ ಮುಡಿದು ನಗುತ್ತಿರುವ ಇಸ್ರೊ ಮಹಿಳೆಯರು. ಫೋಟೊ ಚಂದ ಇದೆ, ಅದರ ಮೇಲೆ ಸಿಟ್ಟಿಲ್ಲ. ಅವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೊ ಆಮೇಲೆ ಹೇಳಿತ್ತು. ಅದೇ ಯೋಜನೆಯಲ್ಲಿ ಕಾರ್ಯಾಚರಣೆಯ ಉಪ ನಿರ್ದೇಶಕಿಯರಾಗಿದ್ದ ನಂದಿನಿ ಹರಿನಾಥ್, ರಿತು ಕರಿಧಾಲ್ ಅವರ ಫೋಟೊ ಬೇಕೆಂದರೆ ಹೆಸರು ಟೈಪ್ ಮಾಡಬೇಕಾಗುತ್ತದೆ. ಹೆಸರು ಟೈಪ್ ಮಾಡಲು ಹೆಸರು ಗೊತ್ತಿರಬೇಕಾಗುತ್ತದೆ. ಕಮಿಟಿಗೆ ಬೇರೆ ಕೆಲಸವಿಲ್ಲವೇ?

ಭಾಷಣ ಆರಕ್ಕೆ ಮುಗಿಯುತ್ತದೆ, ಎಂಟಕ್ಕೆ ಲೇಡೀಸ್ ಹಾಸ್ಟೆಲ್ಲಿನ ಗೇಟ್ ಬೀಳುತ್ತದೆ. ಬ್ಯಾಕ್ಟೀರಿಯಾಗಳಿಗೆ ಈ ಸುತ್ತೋಲೆ ಇನ್ನೂ ತಲುಪಿಲ್ಲ. ಮಣ್ಣಿನ ಒಂದು ಬ್ಯಾಕ್ಟೀರಿಯಾ ಎಷ್ಟು ಹೊತ್ತಿಗೆ ಎಷ್ಟು ಕಿಣ್ವ ಬಿಡುತ್ತದೆ ಎಂದು ನೋಡುವ ಸಾದಾ ಪ್ರಯೋಗವನ್ನೇ ತಗೊಳ್ಳಿ. ನಾಲ್ಕು ತಾಸಿಗೊಮ್ಮೆ ಫ್ಲಾಸ್ಕಿನಿಂದ ಒಂದೆರಡು ಮಿಲಿ ತೆಗೆಯಬೇಕು, 600 ನ್ಯಾನೊಮೀಟರ್ ಬೆಳಕಿನಲ್ಲಿ ಅದು ಎಷ್ಟು ಮಬ್ಬಾಗಿದೆ, ಎಂದರೆ ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಎಂದು ನೋಡಬೇಕು, ಉಳಿದದ್ದನ್ನು 4 ಡಿಗ್ರಿಯಲ್ಲಿ ನಿಮಿಷಕ್ಕೆ 10,000 ಸುತ್ತಿನಂತೆ ಹತ್ತು ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಮೈನಸ್ 20ಕ್ಕೆ ಇಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದರೆ ಮಧ್ಯಾಹ್ನ ಒಂದು, ಸಂಜೆ ಐದು, ರಾತ್ರಿ ಒಂಬತ್ತು, ರಾತ್ರಿ ಒಂದು, ನಸುಕಿನ ಐದು, ಮತ್ತೆ ಒಂಬತ್ತು. ಇದರಲ್ಲಿ ಮೂರು ಸ್ಯಾಂಪಲ್ ಗೇಟಿನ ಆಚೆ. ಗ್ರಾಫಿನ ನಡುವೆ, ಕಿಣ್ವ ಏರಿ ಇಳಿಯುವ ಜಾಗದಲ್ಲೇ, ಬಾವಿ.

ಸಂಜೆ ಏಳೂವರೆಗೆ ಇನ್ನೊಂದು ಫ್ಲಾಸ್ಕ್ ಹಚ್ಚಿ, ಅದರ ಹನ್ನೆರಡನೇ ತಾಸನ್ನು ಬೆಳಿಗ್ಗೆ ಹಿಡಿಯುವ ಉಪಾಯ ಈ ಹುಡುಗಿಯರಿಗೆ ಗೊತ್ತಿಲ್ಲವೆಂದಲ್ಲ. ಬೀಜವಾಗಿ ಹಾಕಿದ ಕಲ್ಚರ್ ಸ್ವಲ್ಪ ಹಳತಾಗಿದ್ದರೂ ಬೆಳವಣಿಗೆ ತಡವಾಗಿ ಶುರುವಾಗುತ್ತದೆ, ಎರಡು ಫ್ಲಾಸ್ಕಿನ ಗೆರೆ ಕೂಡುವುದಿಲ್ಲ, ಪೇಪರ್ ನೋಡುವ ರೆಫರಿ ಅದನ್ನೇ ಹಿಡಿಯುತ್ತಾನೆ. ಕೊನೆಗೆ ಉಳಿಯುವುದು ಒಂದೇ ದಾರಿ: ‘ಅಣ್ಣಾ, ರಾತ್ರಿ ಮೂರು ಸ್ಯಾಂಪಲ್ ತಗದಿಡ್ರಿ.’ ಅಣ್ಣ ಒಳ್ಳೆಯವನು, ತೆಗೆದಿಡುತ್ತಾನೆ. ಒಂದು ಗಂಟೆಯದ್ದನ್ನು ಎಚ್ಚರಾದಾಗ ಒಂದು ನಲವತ್ತಕ್ಕೆ ತೆಗೆದು ಟ್ಯೂಬಿನ ಮೇಲೆ ಒಂದು ಎಂದೇ ಬರೆಯುತ್ತಾನೆ. ಪೇಪರಿನಲ್ಲಿ ಅವನ ಹೆಸರೂ ಬರುತ್ತದೆ. ವರ್ಷದ ಕೊನೆಗೆ ಲೆಕ್ಕ ಹಾಕಿ, ‘ನೋಡ್ರಿ, ಹುಡುಗರ ಪೇಪರ್ ಹೆಚ್ಚು’ ಎನ್ನುತ್ತಾರೆ.

1933ರಲ್ಲಿ ಕಮಲಾ ಸೋಹೊನಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದಾಗ ಸಿ.ವಿ. ರಾಮನ್ ಮೊದಲು ಒಲ್ಲೆ ಎಂದರು. ಆಕೆ ಜಗ್ಗಲಿಲ್ಲ. ಆಮೇಲೆ ಷರತ್ತು ಹಾಕಿ ಸೇರಿಸಿಕೊಂಡರು: ಒಂದು ವರ್ಷ ಪರೀಕ್ಷಾರ್ಥ, ಗೈಡ್ ಹೇಳಿದರೆ ಎಷ್ಟು ರಾತ್ರಿಯಾದರೂ ಕೆಲಸ, ಲ್ಯಾಬಿನ ವಾತಾವರಣ ಕೆಡಿಸಬಾರದು. ಆಕೆ ಎಲ್ಲಕ್ಕೂ ಹ್ಞೂಂ ಅಂದು, 1939ರಲ್ಲಿ ಕೇಂಬ್ರಿಡ್ಜಿನ ಪಿಎಚ್‌ಡಿ ಪಡೆದರು. ಆಗಿನ ಷರತ್ತು ರಾತ್ರಿ ದುಡಿಯಲೇಬೇಕು ಎಂದು, ಈಗಿನದು ರಾತ್ರಿ ಇರಲೇಬಾರದು ಎಂದು. ಪ್ರಗತಿ ಆಗಿಲ್ಲ ಎನ್ನುವವರ ಬಾಯಿಗೆ ಫೇಡೆ ಹಾಕಬೇಕು.

ಹೆಣ್ಣುಮಕ್ಕಳಿಗೆ ಪ್ರಯೋಗದ ಕೆಲಸ ಒಗ್ಗದು, ಸೂಕ್ಷ್ಮ ಸಾಲದು ಎಂದು ವೇದಿಕೆಯ ಹಿಂದೆ ಪಿಸುಗುಟ್ಟುವವರನ್ನು ಸೀಸನ್ನಿನಲ್ಲಿ ಹಾವೇರಿ ಜಿಲ್ಲೆಯ ಹತ್ತಿ ಬೀಜೋತ್ಪಾದನೆ ಹೊಲಕ್ಕೆ, ಅಲ್ಲಿ ದುಡಿಯುವ ಹೆಣ್ಣುಮಕ್ಕಳ ನಡುವೆ ಬಿಟ್ಟುಬರಬೇಕು. ರಾಣೆಬೆನ್ನೂರು ಕಡೆ ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಹತ್ತಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ. ನಾಳೆ ಅರಳುವ ಮೊಗ್ಗು ಯಾವುದು ಎಂದು ಸಂಜೆಯೇ ಕಣ್ಣಳತೆಯಲ್ಲಿ ಗುರುತಿಸಬೇಕು. ಹೆಬ್ಬೆರಳಿನ ಉಗುರು ಹಾಕಿ ದಳದ ಸಮೇತ ಕೇಸರದ ಕೊಳವೆಯನ್ನು ಒಂದೇ ಸುತ್ತಿಗೆ ಸುಲಿಯಬೇಕು, ಒಳಗಿನ ಹೆಣ್ಣು ಭಾಗವಾದ ಶಲಾಕೆಗೆ ಗೀರೂ ಬೀಳಬಾರದು. ಗುರುತಿಗೆ ಕೆಂಪು ಕಾಗದ ಹೊದಿಸಿ, ಮರುದಿನ ಹೊತ್ತು ನೆತ್ತಿಗೇರುವುದರೊಳಗೆ ಗಂಡು ಸಾಲಿನ ಹೂ ತಂದು ಪರಾಗ ಸವರಬೇಕು, ಒಂದು ಗಂಡು ಹೂವಿಗೆ ನಾಲ್ಕೈದು ಹೆಣ್ಣು ಹೂ. ಆಮೇಲೆ ಗುರುತಿಗೆ ದಾರ. ಒಂದು ಪರಾಗಕೋಶ ಉಳಿದರೂ ಆ ಕಾಯಿ ತನ್ನಷ್ಟಕ್ಕೆ ತಾನೇ ಬೀಜ ಕಟ್ಟುತ್ತದೆ. ಅಂಥವು ಹೆಚ್ಚಾಗಿ, ಬೀಜ ಬಿತ್ತಿ ಬೆಳೆಸಿ ನೋಡುವ ಗ್ರೋ ಔಟ್ ಟೆಸ್ಟಿನಲ್ಲಿ ಶುದ್ಧತೆ ಶೇ 90ಕ್ಕಿಂತ ಕೆಳಗಿಳಿದರೆ ಇಡೀ ಲಾಟ್ ವಾಪಸ್. ಹತ್ತಿಯ ಎರಡು ಜಾತಿಗಳನ್ನು ಕೂಡಿಸಿದ ವರಲಕ್ಷ್ಮಿ ತಳಿ 1972ರಲ್ಲಿ ಧಾರವಾಡದಲ್ಲೇ ಹುಟ್ಟಿತು, ಡಾ. ಕಾತರಕಿ ಅವರ ಕೈಯಲ್ಲಿ. ಅದರ ಬೀಜ ಎಕರೆಗಟ್ಟಲೆ ಆದದ್ದು ಯಾರ ಉಗುರಿನಿಂದ? ಇದೇ ಕೆಲಸ ಗಾಜಿನ ಮನೆಯಲ್ಲಿ ಚಿಮಟ ಹಿಡಿದು ಮಾಡಿದರೆ ಥೀಸಿಸಿನ ಮೂರನೇ ಅಧ್ಯಾಯ, ಹೊಲದಲ್ಲಿ ಮಾಡಿದರೆ ದಿನಗೂಲಿ.

ಇನ್ನು ಸಂದರ್ಶನ. ನಮ್ಮ ದೇಶದಲ್ಲಿ ವಿಜ್ಞಾನ, ತಂತ್ರಜ್ಞಾನದ ಪದವೀಧರರಲ್ಲಿ ಹೆಣ್ಣುಮಕ್ಕಳು ಸುಮಾರು ಶೇ 43. ಸಂಶೋಧನೆಯ ಕೆಲಸದಲ್ಲಿ ಇರುವವರು 2018ರ ಲೆಕ್ಕದಲ್ಲಿ ಶೇ 16.6. ಉಳಿದವರು ಎಲ್ಲಿ ಹೋದರು ಎಂದು ಸಮಿತಿ ಮಾಡುವ ಬದಲು ಸಂದರ್ಶನದ ಕೋಣೆಯ ಹೊರಗಿನ ಬೆಂಚಿನಲ್ಲಿ ಅರ್ಧ ತಾಸು ಕೂತರೆ ಸಾಕು. ‘ಲಗ್ನ ಆಗೇತೇನ್ರಿ?’ ‘ಮನಿಯವ್ರು ಎಲ್ಲಿರ್ತಾರ?’ ‘ನಾಳೆ ಅವರಿಗೆ ವರ್ಗ ಆತಂದ್ರ?’ ‘ಮಕ್ಕಳು ಸಣ್ಣವೇನು?’ ಹತ್ತು ವರ್ಷದ ಸಂಶೋಧನೆಗೆ ಕೊನೆಯಲ್ಲಿ ಒಂದು ಪ್ರಶ್ನೆ, ಅದೂ ಟೀ ಬಂದರೆ ಇಲ್ಲ. ಮುಂದಿನ ಅಭ್ಯರ್ಥಿ ಗಂಡಸು, ಹೆಂಡತಿ ಮಕ್ಕಳಿದ್ದಾರೆ ಅಂದ. ‘ಛಲೋ ಆತು, ಸೆಟ್ಲ್ ಆಗ್ಯಾನ.’ ಒಂದೇ ಸಂಸಾರ, ಅವನಿಗೆ ಆಧಾರ, ಅವಳಿಗೆ ಅಡ್ಡಿ.

ಅಮೆರಿಕದವರಾದರೆ ಇದನ್ನು ಕಂಡುಹಿಡಿಯಲು ಪ್ರಯೋಗವನ್ನೇ ಮಾಡಬೇಕಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲ್ಯಾಬ್ ಮ್ಯಾನೇಜರ್ ಹುದ್ದೆಯ ಒಂದೇ ಅರ್ಜಿಯನ್ನು ಕೆಲವರಿಗೆ ಜಾನ್ ಹೆಸರಲ್ಲಿ, ಕೆಲವರಿಗೆ ಜೆನ್ನಿಫರ್ ಹೆಸರಲ್ಲಿ, ಒಟ್ಟು 127 ಪ್ರಾಧ್ಯಾಪಕರಿಗೆ ಕಳಿಸಿದರು. ಜಾನ್‌ಗೆ ಸೂಚಿಸಿದ ಸಂಬಳ ಸರಾಸರಿ 30,238 ಡಾಲರ್, ಜೆನ್ನಿಫರ್‌ಗೆ 26,508. ಅಳೆದವರಲ್ಲಿ ಪ್ರಾಧ್ಯಾಪಕಿಯರೂ ಇದ್ದರು, ಅವರ ತಕ್ಕಡಿಯೂ ಹಾಗೇ ವಾಲಿತು. ನಮ್ಮಲ್ಲಿ ಅಷ್ಟು ಖರ್ಚಿಲ್ಲ, ಮುಖದ ಮೇಲೇ ಕೇಳುತ್ತಾರೆ. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟು ಎಲ್ಲರಿಗೂ ಅವನ್ನೇ ಕೇಳಿ, ಪ್ರತಿ ಉತ್ತರಕ್ಕೆ ಅಂಕವನ್ನು ಅಲ್ಲೇ ಹಾಕಿ ಎಂದರೆ, ‘ನಮಗ ಕಲಿಸ್ತೀರೇನು?’

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಮಾತ್ರ ಸಮಾನತೆ ಹುಲುಸಾಗಿ ಬೆಳೆಯುತ್ತದೆ. ಲಿಂಗ ಸಮಾನತೆಗೆ ಅಂಕ ಇದೆ, ಶಿಶುಪಾಲನಾ ಕೋಣೆಯ ಜಿಯೋಟ್ಯಾಗ್ ಫೋಟೊ ಬೇಕು. ಬೋರ್ಡ್ ಬರುತ್ತದೆ, ತೊಟ್ಟಿಲು ಬರುತ್ತದೆ, ಗೋಡೆಗೆ ಮಿಕ್ಕಿ ಮೌಸ್ ಬರುತ್ತದೆ, ಆಯಾ ಬರುವುದಿಲ್ಲ. ತಂಡ ಹೋದಮೇಲೆ ಉತ್ತರ ಪತ್ರಿಕೆಯ ಗಂಟುಗಳು ಬರುತ್ತವೆ. 50 ಮಂದಿ ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಹೇಳಿತು. ಪಿಎಚ್‌ಡಿ ಮಾಡುವವಳಿಗೆ 240 ದಿನದ ರಜೆ ಎಂದು ಯುಜಿಸಿ ನಿಯಮ ಹೇಳುತ್ತದೆ. ಎರಡನ್ನೂ ಚೌಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದ್ದಾರೆ.

ಸಾಕಾಗಿದೆ. ಮಗು ಹುಟ್ಟಿದ ಮೇಲೆ ಮರಳಿ ಬಂದು ಮಹಿಳಾ ವಿಜ್ಞಾನಿಗಳಿಗೆಂದು ಇರುವ ಸರ್ಕಾರದ ಯೋಜನೆಯಲ್ಲಿ ದುಡಿಯುವವಳಿಗೆ ಗುಲಾಬಿ ಬೇಕಾಗಿಲ್ಲ, ಈ ತಿಂಗಳ ಫೆಲೋಶಿಪ್ ಬೇಕು. ಅದು ನಿಲ್ಲುವುದು ದಿಲ್ಲಿಯಲ್ಲಿ ಮಾತ್ರವಲ್ಲ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಿಡುಗಡೆ ಆಗದು. ಅದಕ್ಕೆ ಲೆಕ್ಕಪತ್ರ ವಿಭಾಗದ ಸಹಿ ಬೇಕು, ಆಮೇಲೆ ಮುಖ್ಯಸ್ಥರ ಮುದ್ರೆ. ಕಡತದಲ್ಲಿ ಒಂದು ಬಿಲ್ಲಿನ ಜಿಎಸ್‌ಟಿ ಕಾಲಂ ಖಾಲಿ ಎಂದು ವಾಪಸ್ ಬಂದರೆ ಮತ್ತೆ ಒಂದು ತಿಂಗಳು, ಅಷ್ಟರಲ್ಲಿ ಮಾರ್ಚ್ ಮುಗಿಯುತ್ತದೆ. ಅಂಥ ಕಡತ ನಿಮ್ಮ ಮೇಜಿನ ಮೇಲೆ ಎಷ್ಟು ಬಿದ್ದಿವೆ ಎಂದು ಇವತ್ತೇ ಎಣಿಸಿರಿ, ಸಹಿ ಹಾಕಿ ಕಳಿಸಿರಿ. ಮುಂದಿನ ವರ್ಷದ ಸಮಾರಂಭಕ್ಕೆ ಅಧ್ಯಕ್ಷರು ಯಾರು ಎಂಬುದನ್ನು ಆಮೇಲೆ ನೋಡೋಣ.