ಮಿಲ್ವಾಕೀ ಚರ್ಚೆ: ಮಿಂಚಿದವರು ಬೇರೆ, ಗೆದ್ದವರು ಬೇರೆ

ಅಮೆರಿಕದ 2024ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಲು ಬಯಸಿದವರ ನಡುವಿನ ಮೊದಲ ಚರ್ಚೆ 2023ರ ಆಗಸ್ಟ್ 23ರಂದು ಮಿಲ್ವಾಕೀ ನಗರದಲ್ಲಿ ನಡೆಯಿತು. ಅದರಲ್ಲಿ ಉದ್ಯಮಿ ವಿವೇಕ್ ರಾಮಸ್ವಾಮಿಯವರೇ ಗೆದ್ದರೆಂದು, ಅವರಿಗೆ ಬಿದ್ದ ಚಪ್ಪಾಳೆಯನ್ನು ಆಧಾರವಾಗಿಟ್ಟು ಲೇಖನವೊಂದು ಹೇಳಿದೆ; ಅದರ ಲೇಖಕರ ತೀರ್ಪನ್ನು ನಾನು ಒಪ್ಪಲಾರೆ. ಎಂಟು ಮಂದಿ ಸುಮಾರು ಎರಡು ಗಂಟೆಯ ಅವಧಿಯನ್ನು ಹಂಚಿಕೊಳ್ಳಬೇಕಾದ ವೇದಿಕೆಯಲ್ಲಿ, ಎಷ್ಟು ಸಲ ಚಪ್ಪಾಳೆ ಬಿತ್ತು ಎಂಬುದನ್ನೇ ಅಳತೆಗೋಲಾಗಿಸಿಕೊಂಡರೆ, ಇತರರ ಮಾತಿಗೆ ಅಡ್ಡಬಾಯಿ ಹಾಕುವವರಿಗೇ ಹೆಚ್ಚು ಅಂಕ ಸಿಗುವುದು ಸಹಜ.

ನನ್ನ ದೃಷ್ಟಿಯಲ್ಲಿ ಅಂದು ಮೇಲುಗೈ ನಿಕ್ಕಿ ಹೇಲಿಯವರದು. ಗರ್ಭಪಾತಕ್ಕೆ ರಾಷ್ಟ್ರಮಟ್ಟದ ನಿರ್ಬಂಧ ಬೇಕೆಂದು ಮಾಜಿ ಉಪಾಧ್ಯಕ್ಷ ಮೈಕ್ ಪೆನ್ಸ್ ವಾದಿಸಿದಾಗ, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಅದಕ್ಕೆ 60 ಮತಗಳು ಬೇಕೆಂಬ ಲೆಕ್ಕವನ್ನು ತಮ್ಮದೇ ಪಕ್ಷದ ಸಭಿಕರ ಮುಂದಿಟ್ಟವರು, ದೇಶದ ಸಾಲದ ಹೊರೆಯಲ್ಲಿ ಟ್ರಂಪ್ ಅವರ ಪಾಲೂ ಇದೆಯೆಂದು ಮುಚ್ಚುಮರೆಯಿಲ್ಲದೆ ಹೇಳಿದವರು ಅವರು. ಉಕ್ರೇನ್ ಕುರಿತು ರಾಮಸ್ವಾಮಿಯವರಿಗೆ ಅವರು ಕೊಟ್ಟ ಉತ್ತರದಲ್ಲಿ ವಿಶ್ವಸಂಸ್ಥೆಯಲ್ಲಿ ರಾಯಭಾರಿಯಾಗಿದ್ದ ಅನುಭವ ಎದ್ದು ಕಾಣುತ್ತಿತ್ತು.

ಆಗ ಫ್ಲೋರಿಡಾದ ಗವರ್ನರ್ ಆಗಿದ್ದ ರಾನ್ ಡಿಸಾಂಟಿಸ್ ಅವರನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಟ್ರಂಪ್ ಅಪರಾಧಿಯೆಂದು ಸಾಬೀತಾದರೂ, ಅವರೇ ಪಕ್ಷದ ಅಭ್ಯರ್ಥಿಯಾದರೆ ಬೆಂಬಲಿಸುವವರು ಕೈ ಎತ್ತಬೇಕೆಂದು ನಿರೂಪಕರು ಕೇಳಿದಾಗ ಡಿಸಾಂಟಿಸ್ ಅಕ್ಕಪಕ್ಕ ನೋಡಿ ಆಮೇಲೆ ಕೈ ಎತ್ತಿದರು. ನಾಯಕತ್ವದ ಮಾತಾಡುವವರಿಗೆ ಆ ಕ್ಷಣದಷ್ಟು ದುಬಾರಿಯಾದದ್ದು ಬೇರೊಂದಿರಲಿಲ್ಲ. ಇನ್ನೊಬ್ಬ ಸ್ಪರ್ಧಿ ಏಸಾ ಹಚಿನ್‌ಸನ್ ಕೈ ಎತ್ತಲೇ ಇಲ್ಲ.

ಸಮೀಕ್ಷೆಗಳಲ್ಲಿ ಬಹಳ ಮುಂದಿದ್ದ ಟ್ರಂಪ್ ಅಲ್ಲಿಗೆ ಬಾರದೆಯೇ ಉಳಿದದ್ದರಿಂದ, ಇದು ಎರಡನೆಯ ಸ್ಥಾನದ ಸ್ಪರ್ಧೆಯಾಗಿತ್ತೆಂಬ ಸಂಗತಿಯನ್ನೂ ಲೇಖಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.