ಬಿಟ್ಟ ಒಂಬತ್ತು ಪ್ರಶ್ನೆಗಳು

ತಂಗಿಯ ಮಗಳು ಇಲ್ಲಿ ಪಿಯುಸಿ ಮುಗಿಸಿ, ಎರಡು ಸಲ ನೀಟ್ ಬರೆದು, ಸೀಟು ಸಿಗದೆ ಅಮೆರಿಕದ ಕಾಲೇಜು ಸೇರಿದವಳು. ಈಗ ಅಲ್ಲಿಯೇ ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಬರೆದುಕೊಡುವ ವಿದ್ಯೆ, ಓದಬೇಕೆಂದಿದ್ದಾಳೆ. ನಮ್ಮಲ್ಲಿ ಪಿಯುಸಿ ವಿಜ್ಞಾನದ ನಂತರವೇ ಈ ಕೋರ್ಸಿಗೆ ಸೇರಬಹುದು. ಅಲ್ಲಿ ಸಾಮಾನ್ಯವಾಗಿ ಪದವಿಯ ನಂತರ ಇನ್ನೂ ನಾಲ್ಕು ವರ್ಷ. ಅದಕ್ಕೆ ಓಎಟಿ ಎಂಬ ಪ್ರವೇಶ ಪರೀಕ್ಷೆ. ರಜೆಗೆ ವಿಜಯಪುರಕ್ಕೆ ಬಂದವಳು ಊರು ಸುತ್ತುವುದನ್ನು ಬಿಟ್ಟು ಪುಸ್ತಕ ಹಿಡಿದು ಕುಳಿತಳು. ಇಪ್ಪತ್ತಾರು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿದ ಸೋದರಮಾವ ಮನೆಯಲ್ಲಿರುವಾಗ ಸುಮ್ಮನೆ ಬಿಡುತ್ತಾನೆಯೇ?

ಓಎಟಿಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಓದಿ ಅರ್ಥಮಾಡಿಕೊಳ್ಳುವುದು, ಗಣಿತ ಎಲ್ಲವೂ ಇವೆ. ಭೌತಶಾಸ್ತ್ರಕ್ಕೆ 40 ಪ್ರಶ್ನೆ, 50 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಒಂದು ಪ್ರಶ್ನೆಗೆ ಒಂದೂಕಾಲು ನಿಮಿಷ. ಮೊದಲ ಅಭ್ಯಾಸ ಪರೀಕ್ಷೆ ತಿದ್ದಲು ಕುಳಿತರೆ ಒಂಬತ್ತು ಪ್ರಶ್ನೆ ಖಾಲಿ.

"ಇವೇಕೆ ಬಿಟ್ಟೆ?"

"ಖಾತ್ರಿ ಇರಲಿಲ್ಲ ಮಾಮಾ."

ಆ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೇ ಇಲ್ಲ. ಅದು ಅವಳಿಗೂ ಗೊತ್ತು. ಆದರೂ ಕೈ ಏಳಲಿಲ್ಲ. ಏಳುವುದಾದರೂ ಹೇಗೆ? "ಖಾತ್ರಿ ಇಲ್ಲದ್ದನ್ನು ಮುಟ್ಟಬೇಡ" ಎಂದು ಹೇಳಿಕೊಟ್ಟವನು ನಾನೇ. ಅವಳಿಗೆ ಮಾತ್ರವಲ್ಲ, ಇಪ್ಪತ್ತಾರು ತಂಡಗಳಿಗೆ.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ನೀಟ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ, ಆಯ್ಕೆಗಳು ನಾಲ್ಕು. ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಕಾಲು ಅಂಕ ಲಾಭವೇ. ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ಲಾಭ ಮೂರನೇ ಎರಡು ಅಂಕಕ್ಕೆ ಏರುತ್ತದೆ. ಇಷ್ಟು ಸಣ್ಣ ಲೆಕ್ಕವನ್ನು ನಾನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಹೆದರಿಕೆಯನ್ನೇ ಶಿಸ್ತು ಎಂದು ಮಾರುತ್ತಿದ್ದೆ. ಕೋಚಿಂಗ್ ಕೇಂದ್ರಗಳನ್ನು ಬಯ್ಯುವುದು ಸುಲಭ; ಅವರು ಸಾವಿರಗಟ್ಟಲೆ ಶುಲ್ಕ ಪಡೆದು ಹೇಳುವುದನ್ನು ನಾನು ಪುಕ್ಕಟೆ ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಅವಳ ಇನ್ನೊಂದು ತೊಡಕು ಮಸೂರ. ಸೂತ್ರಗಳೆಲ್ಲ ಬಾಯಿಪಾಠ, ಆದರೆ ಮಸೂರದ ಶಕ್ತಿ ಅಳೆಯುವ ಡಯಾಪ್ಟರ್ ಅವಳಿಗೆ ಬರೀ ಒಂದು ಸಂಖ್ಯೆ. ಸಂಜೆ ಅವ್ವನ ಓದುವ ಕನ್ನಡಕ ಇಸಿದುಕೊಂಡು ಇಬ್ಬರೂ ಮಾಳಿಗೆ ಹತ್ತಿದೆವು. ಅವ್ವನಿಗೆ ಪೊರೆ ತೆಗೆಸಿದ ಮೇಲೆ ಬರೆದುಕೊಟ್ಟ ನಂಬರು, ಎರಡೂ ಕಣ್ಣಿಗೆ ಪ್ಲಸ್ ಎರಡೂವರೆ. ಮೆಟ್ಟಿಲ ಕೋಣೆಯ ನೆರಳಿನಲ್ಲಿ ನಿಂತು, ತೆರೆದ ಬಾಗಿಲಿನತ್ತ ಕನ್ನಡಕ ಹಿಡಿದು, ಹಿಂದೆ ಬಿಳಿ ಹಾಳೆಯೊಂದನ್ನು ಮೆಲ್ಲಗೆ ಸರಿಸಿದಳು. ಮೊದಲು ಮಸುಕು. ಆಮೇಲೆ ಇಳಿಬಿಸಿಲಿನ ಗೋಳಗುಮ್ಮಟ, ತಲೆಕೆಳಗಾಗಿ, ಹೆಬ್ಬೆರಳ ಉಗುರಿನಷ್ಟೇ, ಹಾಳೆಯ ಮೇಲೆ ಬಂದು ನಿಂತಿತು. ಸ್ಕೇಲು ಇಟ್ಟರೆ ಗಾಜಿನಿಂದ ಹಾಳೆಗೆ ಸರಿಸುಮಾರು 40 ಸೆಂಟಿಮೀಟರ್. ಒಂದನ್ನು ಆ ದೂರದ ಮೀಟರ್ ಲೆಕ್ಕದಿಂದ, ಅಂದರೆ 0.4ರಿಂದ, ಭಾಗಿಸಿದರೆ ಬರುವುದೇ ಡಯಾಪ್ಟರ್: ಎರಡೂವರೆ.

ಅವಳು ಅಲ್ಲಿಗೆ ಬಿಡಲಿಲ್ಲ. ಚಿತ್ರದ ಅಗಲ ಅಳೆದಳು: ಎರಡು ಸೆಂಟಿಮೀಟರಿಗೆ ತುಸು ಕಡಿಮೆ. ಗುಮ್ಮಟದ ಕಟ್ಟಡದ ಒಂದು ಪಕ್ಕ ಸುಮಾರು 47 ಮೀಟರ್ ಎಂದೆ. ಚಿತ್ರದ ಅಗಲದ ಇಪ್ಪತ್ತು ಪಟ್ಟು ದೂರದಲ್ಲಿ ಹಾಳೆ ಇದ್ದರೆ, ಕಟ್ಟಡವೂ ತನ್ನ ಅಗಲದ ಇಪ್ಪತ್ತು ಪಟ್ಟು ದೂರದಲ್ಲಿರಬೇಕು. ಅಗಲವನ್ನು 50 ಎಂದಿಟ್ಟುಕೊಂಡು, ಬಾಯಲ್ಲೇ ಗುಣಿಸಿ, "ಇಲ್ಲಿಂದ ಒಂದು ಕಿಲೋಮೀಟರ್ ಇರಬೇಕು" ಎಂದಳು. ರಸ್ತೆಯಲ್ಲಿ ಹೋದರೆ ಇನ್ನೂ ಹೆಚ್ಚಾಗುತ್ತದೆ. ಆದರೆ ಹಕ್ಕಿ ಹಾರುವ ದಾರಿಗೆ ಅವಳ ಅಂದಾಜು ಒಪ್ಪುವಂತಿತ್ತು.

ಅವಳು ಕಲಿಯಹೊರಟ ಕೆಲಸವೂ ಇಂಥದ್ದೇ. ಕಾಲು ಡಯಾಪ್ಟರಿನ ಗಾಜು ಬದಲಿಸುತ್ತ "ಇದು ಸ್ಪಷ್ಟವೋ, ಮೊದಲಿನದೋ?" ಎಂದು ಎದುರಿಗೆ ಕುಳಿತವರನ್ನು ಕೇಳುತ್ತ ಉತ್ತರದ ಹತ್ತಿರಕ್ಕೆ ಹೋಗುವುದು. ಮೊದಲೇ ಖಾತ್ರಿ ಬೇಕೆನ್ನುವವರು ಆ ಕುರ್ಚಿಯ ಪಕ್ಕ ನಿಂತು ಮಾಡುವುದೇನು?

ಮುಂದಿನ ವಾರ ನಲವತ್ತೂ ಉತ್ತರ ತುಂಬಿದ್ದವು. ಒಂದನ್ನು ತೋರಿಸಿ "ಇದು ಹೇಗೆ ಬಂತು?" ಎಂದೆ.

"ಅಂದಾಜು ಮಾಮಾ."

ತಪ್ಪಾಗಿತ್ತು. ನಾನು ಏನೂ ಅನ್ನಲಿಲ್ಲ. ಒಳಗಿನಿಂದ ಅವ್ವ ತನ್ನ ಕನ್ನಡಕ ಎಲ್ಲಿಟ್ಟಿದ್ದೀರಿ ಎಂದು ಕೂಗುತ್ತಿದ್ದಳು.