ಅರ್ಧ ಗಂಟೆ ಮುಂದಿರುವ ಫಾರಿನ್ನು

ಇವರಿಗೆ ಫಾರಿನ್ ಪೋಸ್ಟಿಂಗ್ ಆಗಿದೆ ಅಂತ ಮಂಡ್ಯಕ್ಕೆ ಫೋನ್ ಮಾಡಿದ್ದೇ ನಾನು ಮಾಡಿದ ಮೊದಲ ತಪ್ಪು. ಯಾವ ಫಾರಿನ್ ಅಂತ ಹೇಳುವ ಮುಂಚೆಯೇ ಚಿಕ್ಕಮ್ಮ ಪಟ್ಟಿ ಶುರು ಮಾಡಿದರು. ಸೆಂಟು, ಚಾಕೊಲೇಟು, ಒಂದು ಒಳ್ಳೆ ವ್ಯಾನಿಟಿ ಬ್ಯಾಗು. ಭೂತಾನ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅವರ ದುಡ್ಡು ನಮ್ಮ ಎಷ್ಟು ರೂಪಾಯಿಗೆ ಸಮ?"

"ಒಂದಕ್ಕೆ ಒಂದು, ಚಿಕ್ಕಮ್ಮ. ನಮ್ಮ ರೂಪಾಯೀನೂ ನಡೆಯುತ್ತೆ."

"ಹಂಗಾದ್ರೆ ಅದೆಂಥ ಫಾರಿನ್ನೇ! ಊರಿನ ಹೆಸರಾದ್ರೂ ಏನು?"

"ಹಾ."

"ಊರಿನ ಹೆಸರು ಕಣೇ!"

"ಅದೇ, ಹಾ."

"ಸಿಗ್ನಲ್ ಸರಿಯಿಲ್ಲ, ಆಮೇಲೆ ಮಾಡು" ಅಂತ ಇಟ್ಟುಬಿಟ್ಟರು.

ಊರಿನ ಹೆಸರು ನಿಜವಾಗಿಯೂ ಹಾ. ಪಶ್ಚಿಮ ಭೂತಾನದ ಒಂದು ಕಣಿವೆ, ಸಮುದ್ರ ಮಟ್ಟದಿಂದ ಸುಮಾರು 2,700 ಮೀಟರ್ ಮೇಲೆ. ನಮ್ಮ ಸೇನೆಯ ತರಬೇತಿ ತಂಡ, ಎಲ್ಲರ ಬಾಯಲ್ಲಿ ಇಮ್‌ಟ್ರಾಟ್, 1962ರಿಂದ ಅಲ್ಲಿದೆ. ಭೂತಾನದ ಸೈನಿಕರಿಗೆ ತರಬೇತಿ ಕೊಡುವುದು ಇವರ ಕೆಲಸ. 23 ಕಪ್ಪು ಟ್ರಂಕುಗಳಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ನೆನಪಿಟ್ಟುಕೊಳ್ಳುವುದು ನನ್ನ ಕೆಲಸ. ಯಾರ ಕೆಲಸ ಜಾಸ್ತಿ ಕಷ್ಟ ಅಂತ ನನ್ನನ್ನು ಕೇಳಬೇಡಿ.

ಅವರ ದುಡ್ಡಿನ ಹೆಸರು ಙುಲ್ಟ್ರಮ್. ಒಂದನೇ ಕ್ಲಾಸಿನಲ್ಲಿ "ಈ ಙ ಯಾತಕ್ಕೆ ಬರುತ್ತೆ ಸಾರ್?" ಅಂತ ಕೇಳಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ. ಉತ್ತರ ಸಿಗಲು ಇಷ್ಟು ವರ್ಷ ಆಯಿತು, ಗಡಿಯನ್ನೂ ದಾಟಬೇಕಾಯಿತು.

ಗಡಿ ದಾಟುವುದೇನೂ ದೊಡ್ಡದಲ್ಲ. ಪಶ್ಚಿಮ ಬಂಗಾಳದ ಬಾಗ್‌ಡೋಗ್ರಾ ತನಕ ವಿಮಾನ. ಅಲ್ಲಿಂದ ಹಾಸಿಮಾರಾ ಮೇಲೆ ಟೀ ತೋಟಗಳ ನಡುವೆ ರಸ್ತೆ. ಆಮೇಲೆ ಜೈಗಾಂವ್. ಜೈಗಾಂವ್‌ನಲ್ಲಿ ಹಾರನ್ನು, ಧೂಳು, ಹಸು, ಎಲ್ಲ ನಮ್ಮದೇ. ಗೇಟು ದಾಟಿ ಫುಂಟ್‌ಶೋಲಿಂಗ್‌ಗೆ ಕಾಲಿಟ್ಟರೆ ಯಾರೋ ರೇಡಿಯೋ ಆಫ್ ಮಾಡಿದ ಹಾಗೆ. ರಸ್ತೆ ದಾಟಲು ಜೀಬ್ರಾ ಪಟ್ಟಿಯ ಪಕ್ಕ ನಿಂತೆ. ಕಾರು ನಿಂತಿತು. ಕೆಟ್ಟುಹೋಯಿತೇನೋ ಪಾಪ ಅಂದುಕೊಂಡೆ. ಹಿಂದಿನದೂ ನಿಂತಿತು, ಅದರ ಹಿಂದಿನದೂ. ನಾನು ಕೈ ಬೀಸಿ "ಹೋಗಿ, ಹೋಗಿ" ಅಂದೆ. ಅವನು ಕೈ ಬೀಸಿ "ನೀವು ಹೋಗಿ" ಅಂದ. ಕೊನೆಗೆ ಪೊಲೀಸಪ್ಪನೇ ಬಂದು ನನ್ನನ್ನು ದಾಟಿಸಿದ. ಬೆಂಗಳೂರಿನಲ್ಲಿ ಆರು ವರ್ಷ ರಸ್ತೆ ದಾಟಿ ಬದುಕಿ ಉಳಿದವಳು ನಾನು!

ಹಾ ತಲುಪಿದಾಗ ಕತ್ತಲೆ. ಚಳಿ ಮೂಳೆಗೆ ಇಳಿಯುತ್ತಿತ್ತು. ಸ್ವೆಟರ್, ರಜಾಯಿ ಎಲ್ಲ 9ನೇ ಟ್ರಂಕಿನಲ್ಲಿ. ಮೇಲೆ ಬಿಳಿ ಬಣ್ಣದಲ್ಲಿ "ಉಲ್ಲನ್" ಅಂತಲೇ ಬರೆದಿತ್ತು. ತೆಗೆದರೆ ದಸರಾ ಬೊಂಬೆ. ಹಿಂದಿನ ಪೋಸ್ಟಿಂಗಿನಲ್ಲಿ ಒಳಗಿನ ಸಾಮಾನು ಬದಲಾಯಿಸಿದ್ದೆ, ಹೊರಗಿನ ಅಕ್ಷರ ಬದಲಾಯಿಸಿರಲಿಲ್ಲ. ಪಟ್ಟದ ರಾಜ ರಾಣಿ ಇಬ್ಬರೂ ನನ್ನ ಎರಡು ಶಾಲು ಸುತ್ತಿಕೊಂಡು ಬೆಚ್ಚಗಿದ್ದರು. ಆ ರಾತ್ರಿ ಅವರ ಮೈ ಮೇಲಿಂದ ಶಾಲು ಕಿತ್ತುಕೊಂಡು ನಾವು ಹೊದ್ದೆವು. ಉಲ್ಲನ್ ಟ್ರಂಕು ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ಅದರ ಮೇಲೆ "ಪಾತ್ರೆ, ನಾಜೂಕು" ಅಂತಿತ್ತು.

ಇನ್ನು ಗಡಿಯಾರದ ವಿಷಯ. ಭೂತಾನದ ಹೊತ್ತು ನಮಗಿಂತ ಅರ್ಧ ಗಂಟೆ ಮುಂದೆ. ಐದು ಗಂಟೆ, ಹತ್ತು ಗಂಟೆ ವ್ಯತ್ಯಾಸ ಇದ್ದರೆ ಮನುಷ್ಯ ಹುಷಾರಾಗಿರುತ್ತಾನೆ. ಈ ಅರ್ಧ ಗಂಟೆ ಅನ್ನುವುದು ಚಪ್ಪಲಿಯೊಳಗಿನ ಸಣ್ಣ ಕಲ್ಲು, ನಡೆದಾಗಲೇ ಗೊತ್ತಾಗೋದು. ಅಮ್ಮ ಮಲಗಿರುವಾಗ ಫೋನ್ ಮಾಡಿ ಬೈಸಿಕೊಳ್ಳುವುದು ಬೇಡ ಅಂತ ಅಡುಗೆಮನೆ ಗಡಿಯಾರವನ್ನು ಮಾತ್ರ ಮಂಡ್ಯದ ಟೈಮಿಗೆ ಬಿಟ್ಟಿದ್ದೆ. ಭಾರೀ ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಜನವರಿಯಲ್ಲಿ ಮೆಸ್ಸಿನಲ್ಲಿ ಡಿನ್ನರ್. 7.30ಕ್ಕೆ. ಫೌಜಿನಲ್ಲಿ 7.30 ಅಂದರೆ 7.25. ಉಸ್ತುವಾರಿ ಇವರದೇ, ಐದಕ್ಕೇ ಹೋಗಿದ್ದರು. "ರೀ, ನೀವು ಯೋಚನೆ ಮಾಡಬೇಡಿ, ನಾನು ಹತ್ತು ನಿಮಿಷ ಮುಂಚೆಯೇ ಇರ್ತೀನಿ" ಅಂದಿದ್ದೆ. ಮೈಸೂರು ಸಿಲ್ಕ್ ಉಟ್ಟೆ. ಹೊರಗೆ ಹಿಮ ಬಿದ್ದಿತ್ತು, ಕಾಲಿಗೆ ಗಂಬೂಟು. ಹೀಲ್ಸ್ ಚಪ್ಪಲಿಯನ್ನು ಚೀಲದಲ್ಲಿ ಒಯ್ದು ಬಾಗಿಲ ಹತ್ತಿರ ಹಾಕಿಕೊಳ್ಳುವ ಪ್ಲಾನು. ಅಡುಗೆಮನೆ ಗಡಿಯಾರ 7.10 ತೋರಿಸಿದಾಗ ಹೊರಟೆ.

ಒಳಗೆ ಹೋದರೆ ಎಲ್ಲರೂ ಬಂದಿದ್ದಾರೆ. ಕೈಯಲ್ಲಿ ಸೂಪಿನ ಬಟ್ಟಲು ಬೇರೆ. ಅಬ್ಬಾ, ಫೌಜಿನವರ ಶಿಸ್ತೇ ಶಿಸ್ತು ಅನ್ನಿಸಿತು. ಸೀದಾ ಕಮಾಂಡೆಂಟ್ ಸಾಹೇಬರ ಹೆಂಡತಿಯ ಹತ್ತಿರ ಹೋಗಿ, "ಗುಡ್ ಈವ್ನಿಂಗ್ ಮೇಮ್, ನಾನೇ ಎಲ್ಲರಿಗಿಂತ ಮುಂಚೆ ಅಂದುಕೊಂಡಿದ್ದೆ!" ಅಂದೆ. ಅವರು ನಕ್ಕರು. ಒಮ್ಮೆ ವಾಚು ನೋಡಿದರು. ಆಮೇಲೆ ನನ್ನ ಕಾಲು ನೋಡಿದರು. ಚಪ್ಪಲಿಯ ಚೀಲ ಅಡುಗೆಮನೆಯ ಸ್ಟೂಲಿನ ಮೇಲೆ, ಅದೇ ಗಡಿಯಾರದ ಕೆಳಗೇ ಉಳಿದಿತ್ತು. ಇವರು ದೂರದಲ್ಲಿ ನಿಂತು ಗೋಡೆಯ ಮೇಲಿದ್ದ ಡ್ರ್ಯಾಗನ್ ಚಿತ್ರವನ್ನು ಜನ್ಮದಲ್ಲಿ ನೋಡಿಲ್ಲದವರ ಹಾಗೆ ನೋಡುತ್ತಿದ್ದರು.

ಮಾರನೇ ದಿನ ಗಡಿಯಾರ ಭೂತಾನಕ್ಕೆ ತಿರುಗಿತು. ಅಮ್ಮನಿಂದ ಬೈಸಿಕೊಳ್ಳುವುದೂ ಶುರುವಾಯಿತು.

ಇಡ್ಲಿಯ ಕಥೆ ಚಿಕ್ಕದು. ಆ ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ. ಬುಖಾರಿ, ಅಂದರೆ ಸೌದೆ ಉರಿಸಿ ಕೋಣೆ ಕಾಯಿಸುವ ಕಬ್ಬಿಣದ ಒಲೆ, ಅದರ ಪಕ್ಕದ ಮಣೆಯ ಮೇಲೆ ಪಾತ್ರೆ ಇಟ್ಟು ಮಲಗಿದೆ. ಹುಳಿ ಬಂತು, ಉಕ್ಕಿಯೂ ಬಂತು. ಬೆಳಿಗ್ಗೆ ನೋಡಿದರೆ ಬುಖಾರಿ ತನ್ನ ಪಾಡಿಗೆ ತಾನು ದೋಸೆ ಹುಯ್ದುಕೊಂಡಿತ್ತು.

ಏಪ್ರಿಲ್‌ನಲ್ಲಿ ಅತ್ತೆ ಮಾವ ಬಂದರು. ಮಾವನವರಿಗೆ ಎರಡೇ ದಿನದಲ್ಲಿ ಸಿಟ್ಟು ಬಂತು. ಭೂತಾನದಲ್ಲಿ ಮರ್ಯಾದೆಗೆ ಮಾತಿನ ಕೊನೆಗೆ "ಲಾ" ಸೇರಿಸುತ್ತಾರೆ. ನಮಸ್ಕಾರಕ್ಕೆ "ಕುಝುಝಂಗ್‌ಪೋ ಲಾ". ಇಂಗ್ಲಿಷ್ ಮಾತಾಡಿದರೂ "ಥ್ಯಾಂಕ್ಯೂ ಲಾ", "ಯೆಸ್ ಲಾ". ಮಂಡ್ಯದಲ್ಲಿ ಯಾರಿಗೆ "ಲಾ" ಅನ್ನುತ್ತಾರೆ ಅಂತ ನಿಮಗೇ ಗೊತ್ತು. "ಹೋಟೆಲ್ ಹುಡುಗ ನನಗೆ ಟೀ ಕೊಟ್ಟು ಏನ್ಲಾ ಅಂತಾನೆ. ರಿಟೈರ್ಡ್ ಹೆಡ್‌ಮಾಸ್ಟರ್ ಕಣಮ್ಮ ನಾನು!" ಅಂತ ಗುಡುಗಿದರು. ಅರ್ಥ ಬಿಡಿಸಿ ಹೇಳಿದ ಮೇಲೆ ತಣ್ಣಗಾದರು. ಆಮೇಲೆ ಇವರ ಬಾಸ್ ಸಿಕ್ಕಾಗ ಹೆಗಲ ಮೇಲೆ ಕೈ ಹಾಕಿ, "ಚೆನ್ನಾಗಿದ್ದೀರಾ ಲಾ?" ಅಂದರು. ಅದು ಭೂತಾನದ ಲಾ ಆಗಿರಲಿ ದೇವರೇ ಅಂತ ಬೇಡಿಕೊಂಡೆ.

ಪುನಾಖಾ ನೋಡಲು ಹೊರಟೆವು. ದಾರಿಯಲ್ಲಿ ಸಿಗುವ ದೋಚುಲಾ ಘಾಟಿಯ 108 ಸ್ತೂಪಗಳ ಹತ್ತಿರ ಅತ್ತೆ ಎಲ್ಲದಕ್ಕೂ ಕೈಮುಗಿದರು, ಒಂದನ್ನೂ ಬಿಡದೆ. ನಿಜವಾದ ಗ್ರಹಚಾರ ಕಣಿವೆಗೆ ಇಳಿದ ಮೇಲೆ. ಆ ಕಡೆ ಮನೆಗಳ ಗೋಡೆ ಮೇಲೆ ಬಾಗಿಲಿನ ಎರಡೂ ಬದಿ, ಹೇಗೆ ಹೇಳಲಿ, ಗಂಡಸಿನ ಅಂಗದ ಚಿತ್ರ ಬರೆದಿರುತ್ತಾರೆ. ಆಳೆತ್ತರ. ರಿಬ್ಬನ್ ಕಟ್ಟಿ, ಕಣ್ಣು ಬರೆದು. ಕೆಟ್ಟ ದೃಷ್ಟಿ ತಾಗಬಾರದು ಅಂತ. 15ನೇ ಶತಮಾನದ ದ್ರುಕ್ಪಾ ಕುನ್ಲೆ ಅನ್ನುವ ಅವಧೂತನಂಥ ಗುರುವಿನಿಂದ ಬಂದ ಪದ್ಧತಿ ಅಂತ ಹೇಳುತ್ತಾರೆ.

"ಇದೇನೇ ಇದು?" ಅಂದರು ಅತ್ತೆ.

"ಯಾವುದು ಅತ್ತೆ?"

ಮಾವನವರಿಗೆ ಇನ್ನೊಂದು ಕಿಟಕಿಯ ಹೊಳೆ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಹುಟ್ಟಿತು. ಡ್ರೈವರ್ ಒಳ್ಳೆಯ ಹುಡುಗ. ಗಾಡಿ ನಿಲ್ಲಿಸಿ, ಹಿಂದಿಯಲ್ಲಿ ಮೊದಲಿನಿಂದ ಕೊನೆ ತನಕ ಕಥೆ ಹೇಳಿದ. ಅತ್ತೆಗೆ ಹಿಂದಿ ಬಾರದು. "ಏನಂತೆ? ಪೂರ್ತಿ ಹೇಳು" ಅಂದರು.

"ದೃಷ್ಟಿಗಂತೆ ಅತ್ತೆ."

"ಅಷ್ಟುದ್ದ ಹೇಳಿದ, ನೀನು ಇಷ್ಟೇ ಹೇಳ್ತೀಯಾ?" ಆಮೇಲೆ ಇನ್ನೊಮ್ಮೆ ಗೋಡೆ ನೋಡಿ, "ನಮಗೆ ಬೂದುಗುಂಬಳಕಾಯೇ ಸಾಕಪ್ಪ" ಅಂದರು.

ಅಲ್ಲೇ ಆ ಕುನ್ಲೆ ಗುರುವಿನ ಚಿಮಿ ಲಾಖಾಂಗ್ ಇದೆ, 1499ರ ಗುಡಿ. ಮಕ್ಕಳಾಗದವರು ಹರಕೆ ಹೊತ್ತು ಬರುತ್ತಾರೆ. ಲಾಮಾ ಎಲ್ಲರ ತಲೆಗೆ ಕಟ್ಟಿಗೆಯದೊಂದು ತಾಗಿಸಿ ಆಶೀರ್ವಾದ ಮಾಡುತ್ತಾರೆ. ಅದು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ತಡೆಯಲು ನನಗೆ ಪುರಸೊತ್ತೇ ಸಿಗಲಿಲ್ಲ. ಅತ್ತೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಎಲ್ಲರಿಗಿಂತ ಮುಂದೆ ಹೋಗಿ ತಲೆ ಕೊಟ್ಟಿದ್ದರು. ಹೊರಗೆ ಬಂದ ಮೇಲೆ ಮುಖದಲ್ಲಿ ತುಂಬಾ ಸಮಾಧಾನ.

"ತಲೆ ಮೇಲೆ ಇಟ್ಟರಲ್ಲ, ನಮ್ಮ ಮೇಲುಕೋಟೆ ಶಠಾರಿ ಥರ ಅಲ್ವಾ?"

"ಹೌದು ಅತ್ತೆ. ಥೇಟ್ ಶಠಾರಿನೇ."

ಹೊಳೆ ನೋಡುತ್ತಿದ್ದ ಮಾವನವರಿಗೆ ಆಗ ಬಂದ ಕೆಮ್ಮು ಪುನಾಖಾ ದಾಟಿದರೂ ನಿಲ್ಲಲಿಲ್ಲ.

ಅತ್ತೆ ಮಾವ ಹೊರಡುವ ದಿನ ಚಿಕ್ಕಮ್ಮನಿಗೆ ಏನು ಕಳಿಸುವುದು ಅನ್ನುವ ಪ್ರಶ್ನೆ. ಸೆಂಟಿಲ್ಲ, ಚಾಕೊಲೇಟಿಲ್ಲ. ದಾರಕ್ಕೆ ಪೋಣಿಸಿದ ಛುಗೋ ಒಂದು ಸರ ಕೊಟ್ಟೆ. ಯಾಕ್ ಹಾಲಿನ ಚೀಸನ್ನು ಕಲ್ಲಿನ ಹಾಗೆ ಒಣಗಿಸಿದ್ದು. ಬಾಯಲ್ಲಿ ಇಟ್ಟುಕೊಂಡರೆ ಗಂಟೆಗಟ್ಟಲೆ ಅಗಿಯಬೇಕು. ಬೆಳ್ಳಗೆ, ಚೌಕವಾಗಿ, ನೋಡಲು ಚಂದ. ಹೇಗೆ ತಿನ್ನಬೇಕು ಅಂತ ಒಂದು ಚೀಟಿ ಬರೆದು ಅತ್ತೆಯ ಪರ್ಸಿನಲ್ಲಿಟ್ಟೆ. ಚೀಟಿ ಈಗಲೂ ಅಲ್ಲೇ ಇದೆಯಂತೆ.

ಒಂದು ವಾರ ಬಿಟ್ಟು ಬೆಳಿಗ್ಗೆ ಆರಕ್ಕೆ ಫೋನು. ಮಂಡ್ಯದಲ್ಲಿ ಐದೂವರೆ.

"ಏನೇ ಇದು ನಿಮ್ಮ ಫಾರಿನ್ ಕೊಬ್ಬರಿ? ನಿನ್ನೆ ಸಾರಿಗೆ ತುರಿಯೋಕೆ ಹೋಗಿ ಈಳಿಗೆಮಣೆ ಹಲ್ಲು ಮುರೀತು. ಹೋಗಲಿ ಅಂತ ಈಗ ಕುಕ್ಕರಿಗೆ ಹಾಕಿದ್ದೀನಿ. ಎಂಟು ವಿಷಲ್ ಆಯ್ತು. ಇನ್ನೆಷ್ಟು ಕೂಗಿಸಲಿ ಹೇಳು."